ಬ್ರಷ್‌ನಲ್ಲಿ ಬರೆದ ಹಾಗಿರುವ ಕನ್ನಡ ಫಾಂಟ್ ಬೇಕು, ಜೇನಿನ ಬಾಟಲಿ ಲೇಬಲ್‌ಗೆ

ನಾಪೋಕ್ಲಿನ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ. ಅಪ್ಪ ಮೊದಲಿಂದಲೂ ಜೇನುಪೆಟ್ಟಿಗೆ ಇಟ್ಟಿದ್ದಾರೆ. ಇಷ್ಟು ದಿನ ಗುರುತಿನವರಿಗೆ ಮಾತ್ರ ಹಳೇ ಬಾಟಲಿಗಳಲ್ಲಿ ತುಂಬಿಸಿ ಕೊಡುತ್ತಿದ್ದೆವು. ಈ ವರ್ಷ ಲೇಬಲ್ ಹಾಕಿ ಅಂಗಡಿಗಳಿಗೂ ಕೊಡೋಣ ಅಂತ ನಾನು ಹಟ ಹಿಡಿದಿದ್ದೇನೆ. ಹೆಸರು ‘ಗದ್ದೆಮನೆ ಜೇನು’. ನಮ್ಮ ಮನೆ ಗದ್ದೆ ಪಕ್ಕದಲ್ಲೇ ಇದೆ, ಊರಲ್ಲಿ ಎಲ್ಲರೂ ಹಾಗೇ ಕರೆಯುವುದು.

ನನಗೆ ಇಂಟರ್‌ನೆಟ್‌ನಲ್ಲಿ ಒಂದು ಇಂಗ್ಲಿಷ್ ಬ್ರಷ್ ಸ್ಕ್ರಿಪ್ಟ್ ಫಾಂಟ್ ಸಿಕ್ಕಿತು. ಒದ್ದೆ ಬ್ರಷ್ ಹಿಡಿದು ಯಾರೋ ಸರಸರ ಬರೆದು ಎದ್ದು ಹೋದ ಹಾಗಿದೆ. ಅದರಲ್ಲಿ ಇಂಗ್ಲಿಷ್ ಹೆಸರು ಬರೆದು ನೋಡಿದೆ, ತುಂಬಾ ಚೆನ್ನಾಗಿ ಬಂತು. ಅದೇ ಫಾಂಟ್ ಇಟ್ಟು ಕನ್ನಡ ಟೈಪ್ ಮಾಡಿದರೆ ಸಾದಾ ಕಂಪ್ಯೂಟರ್ ಅಕ್ಷರ ಬರುತ್ತದೆ. ಏನು ಮಾಡಿದರೂ ಬ್ರಷ್ ಅಕ್ಷರ ಬರಲಿಲ್ಲ. ಕೊನೆಗೆ ಒಂದು ಪ್ರೆಸ್‌ಗೆ ಕೊಟ್ಟೆ. ಅವರು ಯಾವುದೋ ಡಿಸೈನ್ ಮಾಡಿ 500 ಸ್ಟಿಕ್ಕರ್ ಹೊಡೆದುಕೊಟ್ಟರು. ಮನೆಗೆ ತಂದು ನೋಡಿದರೆ ‘ಗದ್ದೆ’ ಇರಬೇಕಾದ ಕಡೆ ‘ಗದ್‌ದೆ’ ಅಂತ ಇದೆ. ಒತ್ತಕ್ಷರವೇ ಇಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಇದು ನಮ್ಮ ಮನೆ ಹೆಸರಲ್ಲ ಅಂದರು. ನನಗೆ ಅಳುವೇ ಬಂತು.

ಮಳೆ ಶುರುವಾಗುವ ಮೊದಲೇ ಜೇನು ತೆಗೆದಾಗಿದೆ, ಬಾಟಲಿಗಳು ಸಾಲಾಗಿ ಕೂತಿವೆ. ಕನ್ನಡದಲ್ಲಿ ಒಳ್ಳೆಯ ಬ್ರಷ್ ಫಾಂಟ್ ಇದ್ದರೆ ದಯವಿಟ್ಟು ಹೇಳಿ.

ಕುಶಾಲನಗರ ಡಿಟಿಪಿ

ಮೇಡಂ, ನೀವು ಹೇಳುತ್ತಿರುವುದು ಎರಡು ಬೇರೆ ಬೇರೆ ತೊಂದರೆ.

ಮೊದಲನೆಯದು, ಆ ಇಂಗ್ಲಿಷ್ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಇಲ್ಲದ ಅಕ್ಷರ ಕೇಳಿದರೆ ಕಂಪ್ಯೂಟರ್ ತನ್ನ ಹತ್ತಿರ ಇರುವ ಇನ್ನೊಂದು ಕನ್ನಡ ಫಾಂಟ್‌ನಿಂದ ತಂದು ಹಾಕುತ್ತದೆ.

ಎರಡನೆಯದು ನಿಮ್ಮ ಸ್ಟಿಕ್ಕರ್. ಮೊಬೈಲ್, ಕಂಪ್ಯೂಟರ್ ಎಲ್ಲದರಲ್ಲೂ ಈಗ ಬಳಸುವ ಅಕ್ಷರ ಸಂಕೇತ, ಅಂದರೆ ಕನ್ನಡ ಯೂನಿಕೋಡ್‌ನಲ್ಲಿ ‘ದ್ದೆ’ ಅಂದರೆ ಒಳಗೆ ದ, ಹಲಂತ (ಅರ್ಧಾಕ್ಷರದ ಗುರುತು), ಮತ್ತೊಂದು ದ, ಏತ್ವ, ಹೀಗೆ ನಾಲ್ಕು ತುಂಡು. ಅವನ್ನು ಸೇರಿಸಿ ಒತ್ತು ಮಾಡುವುದು ಫಾಂಟ್ ಮತ್ತು ಸಾಫ್ಟ್‌ವೇರ್ ಎರಡೂ ಸೇರಿ ಮಾಡಬೇಕಾದ ಕೆಲಸ. ಸಾಫ್ಟ್‌ವೇರ್ ಸೆಟ್ಟಿಂಗ್ ಸರಿ ಇಲ್ಲದಿದ್ದರೆ ತುಂಡುಗಳು ಹಾಗೇ ಸಾಲಾಗಿ ನಿಂತುಬಿಡುತ್ತವೆ. ಡಿಸೈನ್ ಮಾಡುವ ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್‌ನಲ್ಲಿ ಟೈಪ್ ಸೆಟ್ಟಿಂಗ್‌ಗೆ ಹೋಗಿ ಇಂಡಿಕ್ ಆಯ್ಕೆ ಆನ್ ಮಾಡಬೇಕು, ಪ್ಯಾರಾಗ್ರಾಫ್ ಕಂಪೋಸರ್ ದಕ್ಷಿಣ ಏಷ್ಯಾದ್ದು ಇಟ್ಟುಕೊಳ್ಳಬೇಕು. ಫೋಟೋಶಾಪ್‌ನಲ್ಲೂ ಇಂಥದ್ದೇ ಸೆಟ್ಟಿಂಗ್ ಇದೆ. ಇದೆಲ್ಲ ಕಿರಿಕಿರಿ ಅನ್ನಿಸಿದರೆ ಇಂಕ್‌ಸ್ಕೇಪ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಾಗಿಲ್ಲ, ಒತ್ತಕ್ಷರ ಸರಿಯಾಗೇ ಬರುತ್ತದೆ.

ಇನ್ನೊಂದು ಗೋಜಲು ನುಡಿ, ಶ್ರೀಲಿಪಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟ್‌ಗಳದ್ದು. ನಮ್ಮ ಅಂಗಡಿಯಲ್ಲೂ ಅರ್ಧ ಕೆಲಸ ಇನ್ನೂ ಅದರಲ್ಲೇ ನಡೆಯುತ್ತದೆ. ಅವು ಯೂನಿಕೋಡ್ ಅಲ್ಲ. ಗ್ರಾಹಕರು ಮೊಬೈಲ್‌ನಲ್ಲಿ ಕಳಿಸಿದ ಕನ್ನಡವನ್ನು ಅದರೊಳಗೆ ಹಾಗೇ ತಂದು ಹಾಕಿದರೆ ಅಕ್ಷರ ಕೆಡುತ್ತದೆ. ಅದಕ್ಕೇ ನಾನು ಯಾವ ಕೆಲಸವಾದರೂ ಸರಿ, ಪ್ರಿಂಟಿಗೆ ಬಿಡುವ ಮೊದಲು ಒಂದು ಪ್ರತಿ ಕಾಗದದ ಮೇಲೆ ತೆಗೆದು ಗ್ರಾಹಕರ ಕೈಗೆ ಕೊಟ್ಟು ಓದಿಸುತ್ತೇನೆ. ನಿಮ್ಮ ಪ್ರೆಸ್‌ನವರು ಅದನ್ನು ಮಾಡಬೇಕಿತ್ತು. 500 ಸ್ಟಿಕ್ಕರ್ ದಂಡವಾಯಿತಲ್ಲ.

ಅಕ್ಷರಪ್ರೀತಿ

ನಾನು ಸೋಮವಾರಪೇಟೆ ಕಡೆಯವಳು, ಈಗ ಬೆಂಗಳೂರಲ್ಲಿ ಅಕ್ಷರ ವಿನ್ಯಾಸದ ಕೆಲಸ. ನಾಪೋಕ್ಲಿನ ತಂಗಿಗೆ ನೇರವಾಗಿ ಹೇಳುತ್ತೇನೆ. ನೀವು ಆ ಇಂಗ್ಲಿಷ್ ಫಾಂಟ್‌ನಲ್ಲಿ ನೋಡಿದಂಥ ಸಲೀಸಾದ ಬ್ರಷ್ ಓಟ ಇರುವ, ಲೇಬಲ್‌ಗೆ ನಂಬಿ ಹಾಕಬಹುದು ಅಂತ ನಾನು ಧೈರ್ಯವಾಗಿ ಹೇಳುವಂಥ ಕನ್ನಡ ಫಾಂಟ್ ನನ್ನ ಕೈಲಿಲ್ಲ. ಹತ್ತಿರದವು ಇವೆ. ನವಿಲು ಅಂತ ಒಂದು ಕೈಬರಹದ ಫಾಂಟ್ ಇದೆ, ಪೆನ್ನಲ್ಲಿ ಬರೆದ ಹಾಗಿರುತ್ತದೆ. ಅಕಾಯ ಕನಡಕ ಇದೆ, ಒಂದೇ ದಪ್ಪದ್ದು, ಶೀರ್ಷಿಕೆಗೆ ಮಾಡಿದ ಪ್ರಯೋಗದ ಅಕ್ಷರ. ಏಕ್ ಟೈಪ್‌ನವರ ಬಾಲೂ ತಮ್ಮ ದುಂಡುದುಂಡಗಿದೆ, ಮಕ್ಕಳ ಪುಸ್ತಕ, ತಿಂಡಿ ಪೊಟ್ಟಣಕ್ಕೆ ಮುದ್ದಾಗಿ ಕೂರುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಹುಬ್ಬಳ್ಳಿ ಅನ್ನುವುದೂ ಒಂದಿದೆ, ಅದರ ಗೆರೆ ತೆಳು, ಸರಳ. ಯಾವುದರಲ್ಲೂ ಬ್ರಷ್‌ನ ಒದ್ದೆತನ ಇಲ್ಲ.

ಯಾಕೆ ಇಲ್ಲ ಅಂದರೆ, ಕೆಲಸದ ಅಳತೆಯೇ ಬೇರೆ. ಇಂಗ್ಲಿಷ್‌ಗೆ ಸಣ್ಣದು ದೊಡ್ಡದು ಸೇರಿ 52 ಅಕ್ಷರ, ಅಂಕಿ, ಚಿಹ್ನೆ ಅಂದರೆ ಒಂದು ಹಂತಕ್ಕೆ ಬರುತ್ತದೆ. ನಮ್ಮಲ್ಲಿ 34 ವ್ಯಂಜನ. ಒಂದೊಂದಕ್ಕೂ ಕಾಗುಣಿತ. ಮೇಲಿಂದ ಎಲ್ಲದಕ್ಕೂ ಒತ್ತು. ಸಾದಾ ಫಾಂಟ್‌ನಲ್ಲಾದರೆ ಒಂದು ಗುಡಿಸು, ಒಂದು ಕೊಂಬು ಬರೆದು ಎಷ್ಟೋ ಅಕ್ಷರಕ್ಕೆ ಜೋಡಿಸಬಹುದು. ಬ್ರಷ್ ಬರಹದಲ್ಲಿ ಹಾಗೆ ಜೋಡಿಸಿದ ತಕ್ಷಣ ಗೊತ್ತಾಗಿಬಿಡುತ್ತದೆ, ಅಂಗಿಗೆ ಬೇರೆ ಬಟ್ಟೆ ತೋಳು ಹೊಲಿದ ಹಾಗೆ. ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ, ಎಲ್ಲಿ ಬಣ್ಣ ಮುಗಿಯಿತು ಅನ್ನುವುದು ಅಕ್ಷರದಿಂದ ಅಕ್ಷರಕ್ಕೆ ಬದಲಾಗಬೇಕಲ್ವಾ? ಹಾಗಾಗಿ ನೂರಾರು ರೂಪಗಳನ್ನು ಒಂದೊಂದಾಗಿ ಬರೆಯಬೇಕು.

ಇಂಗ್ಲಿಷ್‌ನವರಿಗೂ ಇದು ಸುಮ್ಮನೆ ಬಂದದ್ದಲ್ಲ. ಬ್ರಷ್ ಸ್ಕ್ರಿಪ್ಟ್ ಅಂತಲೇ ಹೆಸರಿರುವ ಫಾಂಟ್ 1942ರದ್ದು. ಅಮೆರಿಕನ್ ಟೈಪ್ ಫೌಂಡರ್ಸ್ ಅನ್ನುವ ಅಚ್ಚಿನಕ್ಷರದ ಕಂಪನಿಗೆ ರಾಬರ್ಟ್ ಇ. ಸ್ಮಿತ್ ಮಾಡಿದ್ದು. ಆಗ ಅಕ್ಷರ ಅಂದರೆ ಸೀಸದ ಅಚ್ಚು. ಬಿಡಿ ಬಿಡಿ ಅಚ್ಚುಗಳನ್ನು ಪಕ್ಕಪಕ್ಕ ಇಟ್ಟರೂ ಒಂದೇ ಎಳೆಯಲ್ಲಿ ಬರೆದ ಹಾಗೆ ಕಾಣಬೇಕು, ಹಿಂದಿನದರ ಬಾಲ ಮುಂದಿನದರ ತಲೆಗೆ ಸರಿಯಾದ ಎತ್ತರದಲ್ಲಿ ತಾಗಬೇಕು. 1953ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿದ್ದ ಒಲೀವ್ ಫೌಂಡ್ರಿಗೆ ರೋಜರ್ ಎಕ್ಸ್‌ಕೊಫೋನ್ ಮಿಸ್ಟ್ರಲ್ ಮಾಡಿದರು. ಅದಕ್ಕೆ ಅವರದೇ ಕೈಬರಹ ಆಧಾರ, ಹೆಸರು ಆ ಕಡೆ ಬೀಸುವ ಗಾಳಿಯದ್ದು. ಮುಂದೆ ಇವೆರಡೂ ಆಫೀಸ್ ಸಾಫ್ಟ್‌ವೇರ್ ಜೊತೆ ನಮ್ಮ ಕಂಪ್ಯೂಟರ್‌ಗಳಿಗೂ ಬಂದವು. ಹೋಂಸ್ಟೇ ಬೋರ್ಡುಗಳಲ್ಲಿ ಹೆಸರು ಗೊತ್ತಿಲ್ಲದೆಯೇ ನೀವೆಲ್ಲ ಇವನ್ನು ನೋಡಿರುತ್ತೀರಿ.

ಕಾಫಿಹೂ

ಹೋಂಸ್ಟೇ ಬೋರ್ಡು ಅಂದಿರಲ್ಲ, ನನ್ನ ಪ್ರಶ್ನೆಯನ್ನೂ ಇಲ್ಲೇ ಕೇಳುತ್ತೇನೆ. ಗಾಳಿಬೀಡು ರಸ್ತೆಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ. ಬೋರ್ಡಿನಲ್ಲಿ ಇಂಗ್ಲಿಷ್ ಹೆಸರು ದೊಡ್ಡದಾಗಿ ಬ್ರಷ್ ಸ್ಕ್ರಿಪ್ಟ್‌ನಲ್ಲಿತ್ತು, ಕನ್ನಡ ಕೆಳಗೆ ಸಣ್ಣಗೆ. 2024ರ ಕನ್ನಡ ಭಾಷಾ ಕಾಯ್ದೆ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆಗಬೇಕಾದದ್ದೇ, ನನಗೆ ಸಂತೋಷ. ಆದರೆ ಹೊಸ ಬೋರ್ಡಿನಲ್ಲಿ ಮೇಲೆ ಕನ್ನಡ ಇಟ್ಟಿಗೆ ಜೋಡಿಸಿದ ಹಾಗೆ ಗಟ್ಟಿಯಾಗಿ ನಿಂತಿದೆ, ಕೆಳಗೆ ಇಂಗ್ಲಿಷ್ ಹೊಳೆ ಹರಿದ ಹಾಗಿದೆ. ಒಂದೇ ಮನೆಯದ್ದು ಅನ್ನಿಸುವುದಿಲ್ಲ. ಕನ್ನಡವನ್ನು ಕೋರಲ್ ಡ್ರಾದಲ್ಲಿ ಓರೆ ಮಾಡಿಸಿ ನೋಡಿದೆ, ಬೀಳುವ ಹಾಗೆ ಕಂಡಿತು.

ಅಕ್ಷರಪ್ರೀತಿ

ಓರೆ ಮಾಡಬೇಡಿ. ನಮ್ಮ ಅಕ್ಷರಗಳು ದುಂಡು. ಯಂತ್ರ ಓರೆ ಮಾಡಿದಾಗ ದುಂಡು ಹೋಗಿ ಜಜ್ಜಿದ ಕಿತ್ತಳೆ ಥರ ಆಗುತ್ತದೆ. ಇಂಗ್ಲಿಷ್‌ನ ಆಕಾರವನ್ನು ಕನ್ನಡಕ್ಕೆ ತೊಡಿಸಲು ಹೋಗಬೇಡಿ. ಎರಡರಲ್ಲೂ ಹೊಂದಬೇಕಾದ್ದು ಗೆರೆಯ ದಪ್ಪ, ಬರೆದ ವೇಗ, ಗೆರೆ ಮುಗಿಯುವ ರೀತಿ. ಇಂಗ್ಲಿಷ್‌ನ ಗೆರೆ ಮೊನಚಾಗಿ ಮುಗಿದರೆ ಕನ್ನಡದ್ದೂ ಮೊನಚಾಗಿ ಮುಗಿಯಲಿ.

ಹಳೇ ಬ್ರಷ್, ಮಡಿಕೇರಿ

ನಾನು ಬೋರ್ಡು ಬರೆಯುವವನು. ಮೂವತ್ತು ವರ್ಷದ ಮೇಲಾಯಿತು. ಬಸ್ಸಿನ ಹಣೆ ಮೇಲೆ, ಜೀಪಿನ ಹಿಂದೆ, ಅಂಗಡಿ ತಗಡಿನ ಮೇಲೆ, ದಸರಾ ಮಂಟಪಗಳಿಗೆ, ಎಲ್ಲ ಕಡೆ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಮಗ ಈ ಚರ್ಚೆ ತೋರಿಸಿದ, ಅದಕ್ಕೆ ಬರೆಯುತ್ತಿದ್ದೇನೆ. ಟೈಪ್ ಮಾಡುತ್ತಿರುವುದೂ ಅವನೇ.

ನೋಡಮ್ಮ, ಇಂಗ್ಲಿಷ್ ಬರಹದಲ್ಲಿ ಓಟ ಇರುವುದು ಒಂದಕ್ಷರದಿಂದ ಇನ್ನೊಂದಕ್ಕೆ ಹೋಗುವಾಗ. ಕನ್ನಡದಲ್ಲಿ ಹಾಗೆ ಅಂಟಿಸುವ ಅಭ್ಯಾಸ ಇಲ್ಲ. ಪ್ರತಿ ಅಕ್ಷರ ತನ್ನಷ್ಟಕ್ಕೆ ಸುತ್ತಿಕೊಂಡು ನಿಲ್ಲುತ್ತದೆ. ಹಾಗಂತ ಕನ್ನಡದಲ್ಲಿ ಓಟ ಇಲ್ಲ ಅನ್ನಬೇಡಿ, ಅದು ಅಕ್ಷರದ ಒಳಗೇ ಇದೆ. ಬ್ರಷ್ ಹಿಡಿದವನಿಗೆ ಅದು ಕೈಗೆ ಸಿಗುತ್ತದೆ, ಇಂಗ್ಲಿಷ್ ಫಾಂಟ್ ನೋಡಿ ಅದೇ ಥರ ಮಾಡಲು ಹೋದವನಿಗೆ ಸಿಗೋದಿಲ್ಲ.

ನಿಮ್ಮ ಹೆಸರನ್ನೇ ತೆಗೆದುಕೊಳ್ಳೋಣ. ಗ ಅಂದರೆ ಒಂದು ಕಮಾನು, ಅದರ ಮೇಲೆ ತಲೆಕಟ್ಟು. ಚಪ್ಪಟೆ ಬ್ರಷ್‌ಗೆ ಬಣ್ಣ ಅದ್ದಿ ಗಾಜಿನ ಮೇಲೆ ಎರಡು ಸಲ ಆ ಕಡೆ ಈ ಕಡೆ ಎಳೆದರೆ ಕೂದಲು ಒಂದಾಗಿ ಚಾಕುವಿನ ಅಲಗಿನ ಹಾಗೆ ಆಗುತ್ತದೆ. ಅದರಲ್ಲಿ ಕಮಾನು ಎಳೆಯುವಾಗ ಏರುವಲ್ಲಿ ಕೈ ಹಗುರ, ಇಳಿಯುವಲ್ಲಿ ಭಾರ. ತಲೆಕಟ್ಟು ಒಂದೇ ಏಟು. ತಿದ್ದಬಾರದು. ತಿದ್ದಿದರೆ ಅಲ್ಲಿಗೆ ಜೀವ ಹೋಯಿತು. ದ್ದೆ ಬಂದಾಗ ಅದರ ಹೊಟ್ಟೆಗೆ ಭಾರ ಕೊಡಿ, ಒತ್ತನ್ನು ಸಣ್ಣದಾಗಿ, ಗಟ್ಟಿಯಾಗಿ ಕೆಳಗೆ ಕೂರಿಸಿ. ಒತ್ತು ಬರೆಯುವ ಹೊತ್ತಿಗೆ ಬ್ರಷ್‌ನಲ್ಲಿ ಬಣ್ಣ ಕಡಿಮೆಯಾಗಿರುತ್ತದೆ, ಸ್ವಲ್ಪ ಒಣಗಿದ ಹಾಗೆ ಬಂದರೂ ಚಂದವೇ. ‘ಮನೆ’ ಬರೆಯುವಾಗ ‘ಮ’ ಅಕ್ಷರಕ್ಕೆ ಜಾಗ ಜಾಸ್ತಿ ಬೇಕು, ಇಕ್ಕಟ್ಟು ಮಾಡಬೇಡಿ.

ಬಾಲ ಬಿಡುವುದಾದರೆ ಒಂದೇ ಕಡೆ ಬಿಡಿ. ಜೇ ದೀರ್ಘಕ್ಕೂ ಬಾಲ, ನು ಕೊಂಬಿಗೂ ಬಾಲ ಬಿಟ್ಟರೆ ಎರಡೂ ಬಡಿದಾಡುತ್ತವೆ. ನನ್ನ ಕೇಳಿದರೆ ನು ಕೊಂಬಿಗೆ. ಅದು ಕೊನೆಯ ಅಕ್ಷರ, ಕೈ ಎತ್ತುವಾಗ ತಾನಾಗೇ ಬರುತ್ತದೆ.

ಹೋಂಸ್ಟೇ ಅಣ್ಣನಿಗೆ ಒಂದು ಮಾತು. ಬೋರ್ಡು ತಗಡಿನದ್ದಾದರೆ ಎನಾಮೆಲ್ ಪೇಂಟಲ್ಲಿ ಕೈಯಲ್ಲೇ ಬರೆಸಿ, ಆದರೆ ಮಳೆಗಾಲದಲ್ಲಿ ಬೇಡ. ನಮ್ಮ ಗಾಳಿಬೀಡು ಕಡೆಯ ಮಳೆ ನಿಮಗೇ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಹವೆಯಲ್ಲೇ ನೀರಿರುತ್ತದೆ, ಪೇಂಟ್ ಒಣಗೋದಿಲ್ಲ, ಒಣಗುವ ಮೊದಲೇ ಪಾಚಿ ಹಿಡಿಯುತ್ತದೆ. ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಕಳೆಯಲಿ.

ನಾಪೋಕ್ಲಿನ ಹುಡುಗಿ

ಅಣ್ಣ, ನೀವು ಬರೆದದ್ದನ್ನು ಮೂರು ಸಲ ಓದಿದೆ. ನಿನ್ನೆ ರಾತ್ರಿ ತಮ್ಮನ ಪೋಸ್ಟರ್ ಕಲರ್ ತೆಗೆದುಕೊಂಡು ಕೂತೆ. ಹಳೇ ಕ್ಯಾಲೆಂಡರ್ ಹಿಂಭಾಗದಲ್ಲಿ ‘ಗದ್ದೆಮನೆ’ ಬರೆಯಲು ಹೋದೆ. ಗ ಪರವಾಗಿಲ್ಲ. ದ್ದೆಯಲ್ಲಿ ಏತ್ವ ಮೇಲೆ ಹೋಯಿತು, ಒತ್ತು ಕೆಳಗೆ ಹೋಯಿತು, ಒಂದು ಅಕ್ಷರವೇ ಮೂರು ಅಂತಸ್ತಾಯಿತು. ಪಕ್ಕದ ಮ ಅದರ ಮುಂದೆ ಗಿಡ್ಡ. ಇದನ್ನು ಹೇಗೆ ಸರಿ ಮಾಡೋದು?

ಹಳೇ ಬ್ರಷ್, ಮಡಿಕೇರಿ

ಎಲ್ಲರಿಗೂ ಶುರುವಿಗೆ ಹಾಗೇ ಆಗುತ್ತದೆ. ಒಂದೇ ನೇರ ಗೆರೆ ಮೇಲೆ ಬರೆಯುವ ಹಟ ಬಿಡಿ. ದ್ದೆಯನ್ನು ಒಂದು ಕೂದಲೆಳೆ ಮೇಲೆ ಎತ್ತಿ, ಮವನ್ನು ಸ್ವಲ್ಪ ಕೆಳಗೆ ಇಳಿಸಿ ದಪ್ಪ ಮಾಡಿ. ಒತ್ತಿನ ಪಕ್ಕದಲ್ಲಿ ಖಾಲಿ ಜಾಗ ಇರುತ್ತದಲ್ಲ, ಮ ಅಲ್ಲಿಗೆ ಬಂದು ಕೂರಲಿ. ನಮ್ಮ ಬೆಟ್ಟದ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇರೋದಿಲ್ವಾ, ಹಾಗೆ.

ಪೊನ್ನಂಪೇಟೆ ಮೇಷ್ಟ್ರು

ಎಲ್ಲರ ಮಾತೂ ಓದಿದೆ, ಖುಷಿಯಾಯಿತು. ನಾನು ಕನ್ನಡ ಕಲಿಸಿ ನಿವೃತ್ತನಾದವನು. ಚಂದದ ಜೊತೆ ಓದಲು ಬರುವುದನ್ನೂ ಮರೆಯಬೇಡಿ. ಕನ್ನಡದಲ್ಲಿ ಒಂದು ಸಣ್ಣ ಗೀಟು ಹೋದರೆ ಅಕ್ಷರವೇ ಬದಲಾಗುತ್ತದೆ. ಪ ಅಕ್ಷರದ ಹೊಟ್ಟೆಯೊಳಗೆ ಒಂದು ಗೆರೆ ಎಳೆದರೆ ಷ. ದ ಬುಡದಲ್ಲಿ ಒಂದು ಸೀಳು ಕೊಟ್ಟರೆ ಧ, ಬ ಬುಡದಲ್ಲಿ ಕೊಟ್ಟರೆ ಭ. ಬ್ರಷ್ ಅವಸರದಲ್ಲಿ ಈ ಸೀಳು ಮುಚ್ಚಿಹೋಗುತ್ತದೆ. ಮದುವೆ ಕಾಗದವೊಂದರಲ್ಲಿ ವಧುವಿನ ಹೆಸರಿನ ಧ ಅಕ್ಷರ ದ ಆಗಿಬಿಟ್ಟಿತ್ತು, ಬ್ರಷ್ ಥರದ ಅಕ್ಷರ ಅಂತ ಆಸೆಪಟ್ಟು ಮಾಡಿಸಿದ್ದರು. ಕಾಗದ ಹಿಡಿದು ಬಂದ ಆ ತಂದೆಯ ಮುಖ ಈಗಲೂ ನೆನಪಿದೆ.

ಅರ್ಕಾವತ್ತಿನಲ್ಲೂ ಎಚ್ಚರ ಬೇಕು. ಅದಕ್ಕೆ ಉದ್ದ ಬಾಲ ಬಿಟ್ಟರೆ ಮುಂದಿನ ಅಕ್ಷರದ ಭಾಗವೇನೋ ಅನ್ನಿಸುತ್ತದೆ.

ಕೊಡವರ ಭಾಷೆಯಾದ ಕೊಡವ ತಕ್ಕನ್ನೂ ನಾವು ಹೆಚ್ಚಾಗಿ ಬರೆಯುವುದು ಕನ್ನಡ ಲಿಪಿಯಲ್ಲೇ. ಕನ್ನಡದಲ್ಲಿಲ್ಲದ ಸ್ವರಗಳು ಅದರಲ್ಲಿವೆ. ಓದುವವರು ಮೊದಲೇ ಊಹಿಸಿಕೊಂಡು ಓದಬೇಕಾಗುತ್ತದೆ. ಅದರ ಮೇಲೆ ಅಕ್ಷರವೂ ಸೊಟ್ಟಗಾದರೆ ಹೊಸಬರಿಗೆ ಕಷ್ಟ. ಮನೆತನದ ಹೆಸರು ಬರೆಸುವವರು ಇದನ್ನು ಗಮನಿಸಬೇಕು ಅಂತ ನನ್ನ ಕೋರಿಕೆ.

ಸಿದ್ದಾಪುರದ ಕಾಳುಮೆಣಸು

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಕೈಯಲ್ಲಿ ಬರೆಸಿ ಅನ್ನುವುದು ಕೇಳಲು ಚೆನ್ನಾಗಿದೆ. ನಾವು ಕಾಳುಮೆಣಸು, ಏಲಕ್ಕಿ, ಕಾಫಿಪುಡಿ, ಅಡುಗೆಗೆ ಹಾಕುವ ಹುಳಿ ಕಾಚಂಪುಳಿ ಎಲ್ಲ ಪ್ಯಾಕ್ ಮಾಡುತ್ತೇವೆ. ವರ್ಷಕ್ಕೆ ಎರಡು ಹೊಸ ಐಟಂ ಸೇರುತ್ತದೆ. ಪ್ರತಿ ಸಲ ಬರೆಯುವವರನ್ನು ಹುಡುಕಿಕೊಂಡು ಹೋಗಲು ಆಗುತ್ತದಾ? ಫಾಂಟ್ ಇದ್ದರೆ ರಾತ್ರಿ ಹತ್ತಕ್ಕೆ ಕೂತು ನಾನೇ ಮಾಡಿಕೊಳ್ಳುತ್ತೇನೆ. ಮತ್ತೆ, ಒಬ್ಬರ ಕೈ ಒಂದೊಂದು ದಿನ ಒಂದೊಂದು ಥರ. ಅಂಗಡಿ ಶೆಲ್ಫ್‌ನಲ್ಲಿ ಎಂಟು ಪೊಟ್ಟಣ ಒಟ್ಟಿಗಿಟ್ಟರೆ ಎಲ್ಲಾ ಒಂದೇ ಕಡೆಯವು ಅಂತ ಗಿರಾಕಿಗೆ ಗೊತ್ತಾಗಬೇಕು. ನಾನು ಬಾಲೂ ತಮ್ಮ ಬಳಸುತ್ತಿದ್ದೇನೆ, ನನಗೆ ಏನೂ ಕೊರತೆ ಕಂಡಿಲ್ಲ.

ಅಕ್ಷರಪ್ರೀತಿ

ಕಾಳುಮೆಣಸು ಅಣ್ಣ ಹೇಳಿದ್ದು ಸರಿಯೇ ಇದೆ, ಅವರ ಕೆಲಸಕ್ಕೆ ಫಾಂಟೇ ಬೇಕು. ಆದರೆ ತಂಗಿಗೆ ಬೇಕಾಗಿರುವುದು ಒಂದೇ ಹೆಸರು, ಆರು ಅಕ್ಷರ. ಗ, ದ್ದೆ, ಮ, ನೆ, ಜೇ, ನು. ಆರಕ್ಷರಕ್ಕೆ ಫಾಂಟ್ ಹುಡುಕುವುದಕ್ಕಿಂತ ಆ ಆರನ್ನು ಚೆನ್ನಾಗಿ ಬರೆಸುವುದು ಸುಲಭ.

ಇನ್ನೊಂದು ಕಾರಣವೂ ಇದೆ. ಆ ಹೆಸರಲ್ಲಿ ನ ಎರಡು ಸಲ ಬರುತ್ತದೆ, ನೆ ಮತ್ತು ನು. ಫಾಂಟ್‌ನಲ್ಲಾದರೆ ಎರಡು ನ ಕೂಡ ಅಚ್ಚು ಹೊಡೆದ ಹಾಗೆ ಒಂದೇ ಇರುತ್ತವೆ. ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ. ಕೂರ್ಗ್ ಅಂತ ಇಂಗ್ಲಿಷ್‌ನಲ್ಲಿ ಬ್ರಷ್ ಫಾಂಟ್ ಹಾಕಿದ ಬೋರ್ಡು ನೋಡಿ. ಎರಡು ‘ಓ’ ಪಕ್ಕಪಕ್ಕ, ಎರಡರಲ್ಲೂ ಬಣ್ಣ ಹರಿದ ಗುರುತು ಒಂದೇ ಜಾಗದಲ್ಲಿ. ಕೈಬರಹ ಅನ್ನುವ ನಂಬಿಕೆ ಅಲ್ಲೇ ಹೋಗುತ್ತದೆ. ಒಳ್ಳೆಯ ಬ್ರಷ್ ಫಾಂಟ್ ಮಾಡುವವರು ಇದಕ್ಕೇ ಒಂದೊಂದು ಅಕ್ಷರಕ್ಕೂ ಎರಡು ಮೂರು ರೂಪ ಇಟ್ಟು, ಪಕ್ಕದ ಅಕ್ಷರ ನೋಡಿ ಬದಲಾಗುವ ಹಾಗೆ ಮಾಡಿರುತ್ತಾರೆ. ಕನ್ನಡದಲ್ಲಿ ಹಾಗೆ ಮಾಡಲು ಹೊರಟರೆ ಆಗಲೇ ಹೇಳಿದ ನೂರಾರು ರೂಪ ಮತ್ತೆ ಎರಡು ಪಟ್ಟು ಆಗುತ್ತದೆ. ಯಾರಾದರೂ ಮಾಡಲಿ ಅಂತ ನನಗೆ ತುಂಬಾ ಆಸೆ. ನಾನೂ ಕಾಗದದ ಮೇಲೆ ಶುರು ಮಾಡಿದ್ದೇನೆ, ಕಾಗುಣಿತದಲ್ಲಿ ಛ ತನಕ ಬಂದಿದ್ದೇನೆ.

ತಂಗಿ, ನೀವು ಹೀಗೆ ಮಾಡಿ. ದಪ್ಪ ಬಿಳಿ ಹಾಳೆ ಮೇಲೆ ಕಪ್ಪು ಬಣ್ಣದಲ್ಲಿ ಬರೆಸಿ, ಲೇಬಲ್‌ಗೆ ಬೇಕಾದ್ದಕ್ಕಿಂತ ನಾಲ್ಕೈದು ಪಟ್ಟು ದೊಡ್ಡದಾಗಿ. ಹಾಳೆ ಸಮತಟ್ಟಾಗಿಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಫೋನ್ ಫೋಟೋ ಬೇಡ, ಒಂದು ಕಡೆ ನೆರಳು ಬೀಳುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಮಾಡಿದರೆ ಗೆರೆಚಿತ್ರ ಆಗುತ್ತದೆ. ಆಮೇಲೆ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ, ಫಾಂಟ್, ಒತ್ತಕ್ಷರದ ತೊಂದರೆಯೂ ಇಲ್ಲ, ಯಾಕೆಂದರೆ ಅದು ಚಿತ್ರ.

ಆ ಇಂಗ್ಲಿಷ್ ಫಾಂಟ್‌ನ ಲೈಸೆನ್ಸ್ ಒಮ್ಮೆ ಓದಿ. ಪುಕ್ಕಟೆ ಸಿಗುವ ಎಷ್ಟೋ ಬ್ರಷ್ ಫಾಂಟ್‌ಗಳು ಸ್ವಂತ ಬಳಕೆಗೆ ಮಾತ್ರ, ಮಾರುವ ವಸ್ತುವಿನ ಮೇಲೆ ಹಾಕುವ ಹಾಗಿಲ್ಲ. ಓಪನ್ ಫಾಂಟ್ ಲೈಸೆನ್ಸ್ ಅಂತಿದ್ದರೆ ಧೈರ್ಯವಾಗಿ ಹಾಕಬಹುದು. ವರ್ನನ್ ಆಡಮ್ಸ್ ಅವರ ಪೆಸಿಫಿಕೊ ಅಂಥದ್ದು. ಮತ್ತೆ, ಬ್ರಷ್ ಸ್ಕ್ರಿಪ್ಟ್‌ನಲ್ಲಿ ಇಂಗ್ಲಿಷ್ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಡಿ, ಅಕ್ಷರಗಳ ನಡುವೆ ಜಾಗ ಬಿಡಿಸಬೇಡಿ. ಕೂಡಿಕೊಳ್ಳುವ ಎಳೆ ಕಡಿದುಹೋಗುತ್ತದೆ.

ಕುಶಾಲನಗರ ಡಿಟಿಪಿ

ಲೇಬಲ್ ವಿಷಯದಲ್ಲಿ ಒಂದು ಸೇರಿಸುತ್ತೇನೆ. ತೂಕ, ಬೆಲೆ, ತಯಾರಿಸಿದ ದಿನ, ವಿಳಾಸ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇವನ್ನೆಲ್ಲ ಬ್ರಷ್ ಅಕ್ಷರದಲ್ಲಿ ಹಾಕಲೇಬೇಡಿ. ಪೊಟ್ಟಣದ ಸರಕಿನ 2011ರ ನಿಯಮದ ಪ್ರಕಾರ ಈ ವಿವರಗಳು ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಇರಬೇಕು, ಜೊತೆಗೆ ಕನ್ನಡವನ್ನೂ ಹಾಕಿ. ಅಂಕಿಗಳಿಗೆ ಇಷ್ಟು ಎತ್ತರ ಇರಬೇಕು ಅಂತಲೂ ಇದೆ. ಅದಕ್ಕೆ ಅನೇಕ್ ಕನ್ನಡ ಅಥವಾ ನೋಟೋ ಸಾನ್ಸ್ ಕನ್ನಡ ಇಡಿ. ಅನೇಕ್‌ನಲ್ಲಿ ಅಕ್ಷರದ ಅಗಲವನ್ನೂ ಕಡಿಮೆ ಮಾಡಿಕೊಳ್ಳಬಹುದು, ಸಣ್ಣ ಲೇಬಲ್‌ಗೆ ಅನುಕೂಲ. ಹೆಸರು ಮಾತ್ರ ಬ್ರಷ್‌ನಲ್ಲಿರಲಿ, ಉಳಿದದ್ದು ಸುಮ್ಮನಿರಲಿ. ಎರಡು ಬ್ರಷ್ ಅಕ್ಷರ ಒಂದೇ ಲೇಬಲ್‌ನಲ್ಲಿ ಬಂದರೆ ಒಂದರ ಕಳೆ ಇನ್ನೊಂದು ತಿನ್ನುತ್ತದೆ.

ವಿರಾಜಪೇಟೆ ಸ್ಕ್ರೀನ್ ಪ್ರಿಂಟ್

ನಾನು ಟೀಶರ್ಟ್, ಜರ್ಸಿ ಪ್ರಿಂಟ್ ಮಾಡುವವನು. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲೆ ನಮ್ಮಂಥವರಿಗೆ ಏಪ್ರಿಲ್ ಹೊತ್ತಿಗೆ ಕೈತುಂಬ ಕೆಲಸ. ಹುಡುಗರು ಜರ್ಸಿ ಬೆನ್ನ ಮೇಲೆ ಮನೆತನದ ಹೆಸರು ಬ್ರಷ್ ಸ್ಟೈಲ್‌ನಲ್ಲೇ ಬೇಕು ಅನ್ನುತ್ತಾರೆ. ಓಡುವ ಹುಡುಗನ ಬೆನ್ನ ಮೇಲೆ ಅದು ನಿಜವಾಗಿಯೂ ಚೆಂದ.

ಆದರೆ ಒಣ ಬ್ರಷ್‌ನ ಗೀರುಗಳಿರುತ್ತವಲ್ಲ, ಪೊರಕೆ ಎಳೆದ ಹಾಗೆ, ಅದು ಬಟ್ಟೆಯಲ್ಲಿ ಕಷ್ಟ. ಸಣ್ಣ ಗೀರುಗಳಲ್ಲಿ ಇಂಕ್ ತುಂಬಿಕೊಂಡು ಒಟ್ಟಾಗಿಬಿಡುತ್ತದೆ. ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಗೀರು ಬೇಡ ಅಂತ ನಾನು ಮೊದಲೇ ಹೇಳಿಬಿಡುತ್ತೇನೆ. ಕಾರಿಗೆ, ಗಾಜಿಗೆ ಅಂಟಿಸುವ ವಿನೈಲ್ ಸ್ಟಿಕ್ಕರ್‌ಗಂತೂ ಗೀರು ಪೂರ್ತಿ ತೆಗೆಸಿ. ಕಟಿಂಗ್ ಮೆಷಿನ್ ಪ್ರತಿ ಚೂರನ್ನೂ ಸುತ್ತು ಹಾಕಿ ಕತ್ತರಿಸುತ್ತದೆ, ಆ ಚೂರುಗಳು ನಮ್ಮ ಒಂದು ಮಳೆಗೆ ಎದ್ದುಬರುತ್ತವೆ. ಅದಕ್ಕೆ ತುಂಬಿದ ಗೆರೆಯ ಬ್ರಷ್ ಅಕ್ಷರ ಬೇಕು. ಗೀರಿನ ಅಕ್ಷರ ಕಾಗದಕ್ಕೆ, ಪೋಸ್ಟರ್‌ಗೆ, ಮೊಬೈಲ್ ಸ್ಟೇಟಸ್‌ಗೆ ಇರಲಿ.

ಕಾಫಿಹೂ

ಬೋರ್ಡಿಗೆ ಮಡಿಕೇರಿ ಅಣ್ಣನನ್ನೇ ಹಿಡಿಯುತ್ತೇನೆ. ಸಂಕ್ರಮಣ ಕಳೆದ ಮೇಲೆ ಬರುತ್ತೀರಾ ಅಣ್ಣ? ಈ ಸಲ ಕನ್ನಡ ಮೊದಲು ಬರೆಯಿರಿ, ಆಮೇಲೆ ಅದಕ್ಕೆ ಹೊಂದುವ ಹಾಗೆ ಇಂಗ್ಲಿಷ್ ಬರೆಯಿರಿ.

ಹಳೇ ಬ್ರಷ್, ಮಡಿಕೇರಿ

ಬರುತ್ತೇನೆ. ತಗಡು ನೀವು ತಂದಿಡಿ, ಅಳತೆ ಮಾತ್ರ ನಾನು ಹೇಳಿದ್ದು.

ನಾಪೋಕ್ಲಿನ ಹುಡುಗಿ

ಹದಿನೈದು ದಿನ ಆಯಿತು, ಏನಾಯಿತು ಅಂತ ಬರೆಯದಿದ್ದರೆ ತಪ್ಪಾಗುತ್ತದೆ. ಅಪ್ಪ, ಅಜ್ಜಿ, ನಾನು ಮೂವರೂ ಮಡಿಕೇರಿಗೆ ಹೋಗಿದ್ದೆವು. ಅಣ್ಣನ ಮನೆ ಜಗಲಿಯಲ್ಲಿ ಕೂತು ಬರೆದರು. ಹೊರಗೆ ಒಂದೇ ಸಮ ಮಳೆ. ಮೊದಲು ಚಾಕ್‌ಪೀಸ್‌ನಲ್ಲಿ ಸಣ್ಣ ಗುರುತು ಹಾಕಿಕೊಂಡರು, ಆಮೇಲೆ ಅದನ್ನು ನೋಡಲೇ ಇಲ್ಲ. ಮೊದಲ ಐದಾರು ಹಾಳೆ ನನಗೆ ಚೆನ್ನಾಗಿಯೇ ಕಂಡವು. ಅವರು ಮಾತ್ರ ತಲೆ ಅಲ್ಲಾಡಿಸಿ ಪಕ್ಕಕ್ಕಿಟ್ಟರು, ಕೈ ಇನ್ನೂ ಬೆಚ್ಚಗಾಗಿಲ್ಲ ಅಂದರು. ಒಂದು ಹಾಳೆಯಲ್ಲಿ ದ್ದೆಯ ಒತ್ತು ಬರೆಯುವಾಗ ಬಣ್ಣ ಮುಗಿಯುತ್ತಾ ಬಂದು ಒತ್ತಿನ ಕೊನೆ ನವಿರಾಗಿ ಸೀಳಿತು, ಮ ಅದರ ಪಕ್ಕದಲ್ಲಿ ಬಂದು ಕೂತಿತು. ಕೊನೆಯ ನು ಕೊಂಬು ಹಾಳೆಯ ಅಂಚಿನ ತನಕ ಹೋಗಿ ನಿಂತಿತು. ಅಜ್ಜಿ ಬಗ್ಗಿ ನೋಡಿ, ‘ಇದು ನಮ್ಮನೆ’ ಅಂದರು. ಅದನ್ನೇ ತೆಗೆದುಕೊಂಡೆವು. ಎಣಿಸಿದರೆ ಅದು ಹತ್ತೊಂಬತ್ತನೇ ಹಾಳೆ.

ಅಣ್ಣ ದುಡ್ಡು ಬೇಡ ಅಂದರು, ಅಪ್ಪ ಕೇಳಲಿಲ್ಲ. ದುಡ್ಡೂ ಕೊಟ್ಟು ಎರಡು ಬಾಟಲಿ ಜೇನನ್ನೂ ಇಟ್ಟು ಬಂದರು.

ಅಕ್ಕ ಹೇಳಿದ ಹಾಗೇ ಸ್ಕ್ಯಾನ್ ಮಾಡಿಸಿ ಟ್ರೇಸ್ ಮಾಡಿದೆ. ಒತ್ತಿನ ಸೀಳನ್ನು ಅರ್ಧ ಮಾತ್ರ ಉಳಿಸಿಕೊಂಡೆ, 250 ಗ್ರಾಂ ಬಾಟಲಿಯ ಅಳತೆಗೆ ಇಳಿಸಿದಾಗ ಉಳಿದದ್ದು ಕಲೆ ಥರ ಕಾಣುತ್ತಿತ್ತು. ಸಾದಾ ಕಾಗದದಲ್ಲಿ ಅದೇ ಅಳತೆಗೆ ತೆಗೆದು ಬಾಟಲಿಗೆ ಸುತ್ತಿ ಅಡುಗೆಮನೆ ಕಪಾಟಿನಲ್ಲಿಟ್ಟು ಬಾಗಿಲ ಹತ್ತಿರದಿಂದ ನೋಡಿದೆವು. ಓದಲು ಬರುತ್ತದೆ. ಮೇಷ್ಟ್ರೇ, ನಿಮ್ಮ ಮಾತು ನೆನಪಿಟ್ಟು ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗನಿಗೂ ತೋರಿಸಿದೆ. ಒಂದೇ ಸಲಕ್ಕೆ ಓದಿದ.

ಒಂದೇ ಪ್ರಶ್ನೆ ಉಳಿದಿದೆ. ಜೇನು ಸುರಿಯುವಾಗ ಬಾಟಲಿ ಕೆಳಗೆ ಸ್ವಲ್ಪ ಇಳಿದೇ ಇಳಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಲೇಬಲ್ ಯಾವುದರಲ್ಲಿ ಪ್ರಿಂಟ್ ಮಾಡಿಸಲಿ?

ವಿರಾಜಪೇಟೆ ಸ್ಕ್ರೀನ್ ಪ್ರಿಂಟ್

ಕಾಗದದ ಸ್ಟಿಕ್ಕರ್ ಬೇಡ ತಂಗಿ, ಎರಡು ಸಲ ಒರೆಸಿದರೆ ಅಂಚು ಏಳುತ್ತದೆ. ನೀರು ಹಿಡಿಯದ ಪ್ಲಾಸ್ಟಿಕ್ ಸ್ಟಿಕ್ಕರ್ ಶೀಟ್‌ನಲ್ಲಿ ಹೊಡೆಸಿ, ಮೇಲೆ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ. ಹೊಳೆಯುವ ಲ್ಯಾಮಿನೇಷನ್ ಹಾಕಿದರೆ ಅಂಗಡಿಯ ಲೈಟಿಗೆ ಮಿಂಚಿ ಬ್ರಷ್ ಗೆರೆ ಕಾಣೋದಿಲ್ಲ. ಮೊದಲು 20 ಮಾತ್ರ ಹೊಡೆಸಿ, ಒಂದು ವಾರ ಅಡುಗೆಮನೆಯಲ್ಲಿ ಬಳಸಿ ನೋಡಿ, ಆಮೇಲೆ ಉಳಿದದ್ದು.